ಆಯ್ತಂತೆ, ಮಾಡಿಸ್ಕೊಂಡಳಂತೆ

ಬಿಪಿ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋಗಿದ್ದೆ. ಹೌದು, ಮತ್ತೆ ಜಾಸ್ತಿ ಆಗಿದೆ. ವಿಚಾರಿಸೋಕೆ ಅಂತ ಯಾರೂ ಫೋನ್ ಮಾಡಬೇಡಿ. ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮ್ಮಲ್ಲೂ ಕೆಲವರಿಗೆ ಜಾಸ್ತಿ ಆಗಿರುತ್ತೆ.

ನನ್ನ ಮುಂದೆ ಒಬ್ಬಳು ನಿಂತಿದ್ದಳು. ಮೂವತ್ತು ದಾಟಿರಬಹುದು. ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ, ಒಂದು ಕೈಯಲ್ಲಿ ಸ್ಕೂಲ್ ಬ್ಯಾಗು, ಇನ್ನೊಂದು ಕೈಯಲ್ಲಿ ಆ ಬ್ಯಾಗಿನ ಒಡತಿ. ಚೀಟಿ ಕೊಟ್ಟಳು. ಅಂಗಡಿಯವನು ಚೀಟಿ ನೋಡಿದ, ಅವಳನ್ನು ನೋಡಿದ, ಮತ್ತೆ ಚೀಟಿ ನೋಡಿದ. ಆಮೇಲೆ ರಸ್ತೆಯಾಚೆ ಹೂವು ಮಾರುವವಳಿಗೂ ಕೇಳಿಸುವ ಹಾಗೆ, "ಅಬಾರ್ಷನ್ ಕಿಟ್ಟಾ? ನಿಮ್ಮನೆಯವ್ರು ಎಲ್ಲಿ? ಅವ್ರನ್ನ ಕರ್ಕೊಂಡು ಬನ್ನಿ, ಕೊಡ್ತೀವಿ" ಎಂದ.

ಡಾಕ್ಟರು ಬರೆದ ಚೀಟಿ ಅದು. ಸಹಿ, ಸೀಲು ಎಲ್ಲ ಇತ್ತು. ಅವಳು ಒಂದು ಮಾತೂ ಆಡದೆ ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡು ಹೊರಟಳು. ಮೆಟ್ಟಿಲು ಇಳಿದಿದ್ದಳೋ ಇಲ್ಲವೋ, ನನ್ನ ಹಿಂದೆ ಕೆಮ್ಮಿನ ಸಿರಪ್ಪಿಗೆ ನಿಂತಿದ್ದ ಹಿರಿಯರು ತೀರ್ಪು ಕೊಟ್ಟೇಬಿಟ್ಟರು: "ಈಗಿನ ಹುಡುಗೀರಿಗೆ ಭಯಾನೇ ಇಲ್ಲ."

ಹುಡುಗಿಯಂತೆ! ಅವಳ ಬೈತಲೆಯ ಹತ್ತಿರ ನಾಲ್ಕು ಬಿಳಿ ಕೂದಲು ನಾನೇ ನೋಡಿದ್ದೇನೆ.

ಅಂಗಡಿಯವನಿಗೆ ಎರಡು ಮಾತು ಹೇಳಿ, ಆಟೋ ಸ್ಟ್ಯಾಂಡಿನಲ್ಲಿ ಅವಳನ್ನು ಹಿಡಿದೆ. "ಗಂಡ ಬರಬೇಕು ಅಂತ ಕಾನೂನಲ್ಲಿ ಎಲ್ಲೂ ಇಲ್ಲ ಕಣಮ್ಮ" ಎಂದೆ. ಅವಳು ನಕ್ಕಳು. "ಗೊತ್ತು ಮೇಡಂ, ಡಾಕ್ಟ್ರೇ ಹೇಳಿದ್ರು. ನಮ್ಮನೆಯವ್ರಿಗೂ ಗೊತ್ತು, ಡ್ಯೂಟಿಗೆ ಹೋಗಿದ್ದಾರೆ. ಅತ್ತೆಗೆ ಮಾತ್ರ ಆಯ್ತು ಅಂತ ಹೇಳ್ತೀನಿ. ಮಾಡಿಸ್ಕೊಂಡೆ ಅಂದ್ರೆ ಅಷ್ಟೇ ಕಥೆ."

ಅವತ್ತಿನಿಂದ ಈ ಎರಡು ಪದ ತಲೆಯಿಂದ ಹೋಗುತ್ತಿಲ್ಲ.

ಗಮನಿಸಿದ್ದೀರಾ? ನಮ್ಮ ಕಡೆ ಮಾತಿನಲ್ಲಿ ತಾನಾಗಿ ಹೋದರೂ ಅಬಾರ್ಷನ್, ತೆಗೆಸಿದರೂ ಅಬಾರ್ಷನ್. ಬದಲಾಗುವುದು ಕೊನೆಯ ಪದ ಮಾತ್ರ. "ಆಯ್ತಂತೆ" ಎಂದರೆ "ಅಯ್ಯೋ ಪಾಪ" ಎನ್ನುತ್ತಾ ಬಾಳೆಹಣ್ಣು, ಹಾರ್ಲಿಕ್ಸ್ ಹಿಡಿದು ನೋಡಲು ಬರುತ್ತಾರೆ. "ಮಾಡಿಸ್ಕೊಂಡಳಂತೆ" ಎಂದರೆ ಅದೇ ಜನ ಧ್ವನಿ ತಗ್ಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, "ಯಾರದಂತೆ?" ಎನ್ನುತ್ತಾರೆ. ಹೊಟ್ಟೆನೋವು ಅದೇ, ರಕ್ತ ಅದೇ, ಸುಸ್ತು ಅದೇ. ಹಾರ್ಲಿಕ್ಸ್ ಮಾತ್ರ ಇಲ್ಲ.

ಮಾಡಿಸಿಕೊಂಡವಳು ಎಂದ ಕೂಡಲೇ ಜನರ ಕಣ್ಣಿಗೆ ಬರುವವಳು ಪಿಜಿಯಲ್ಲಿರುವ ಮದುವೆಯಾಗದ ಹುಡುಗಿ. ರಾತ್ರಿ ತಡವಾಗಿ ಬರುವವಳು. ಸೀರಿಯಲ್‌ಗಳೂ ಅವಳನ್ನೇ ತೋರಿಸುವುದು. 2015ರಲ್ಲಿ ಭಾರತದಲ್ಲಿ ಮಾಡಿಸಿಕೊಂಡ ಗರ್ಭಪಾತಗಳು ಸುಮಾರು 1 ಕೋಟಿ 56 ಲಕ್ಷ ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿತ್ತು. ಅಷ್ಟೂ ಜನ ಪಿಜಿಯಲ್ಲಿದ್ದಿದ್ದರೆ ಬೆಂಗಳೂರಿನ ಬಾಡಿಗೆ ಎಲ್ಲಿಗೆ ಹೋಗುತ್ತಿತ್ತೋ! ನಮ್ಮಲ್ಲಿ ಮಾಡಿಸಿಕೊಳ್ಳುವವರು ಹೆಚ್ಚಾಗಿ ಮದುವೆಯಾದವರು, ಆಗಲೇ ಒಂದೋ ಎರಡೋ ಮಕ್ಕಳಿರುವವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) ಕಾರಣ ಕೇಳಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಸಿಕ್ಕಿದ್ದು ಒಂದೇ ಉತ್ತರ: ಈ ಬಸಿರು ಅಂದುಕೊಂಡಿದ್ದಲ್ಲ. ಅಷ್ಟೇ. ಸೀರಿಯಲ್ ಮಾಡುವಂಥದ್ದು ಏನೂ ಇಲ್ಲ.

ಇರಿ. ಇಲ್ಲಿ ನಾನೇ ಸಿಕ್ಕಿಬಿದ್ದೆ. ಅವಳ ತಾಳಿ, ಕಾಲುಂಗುರದಿಂದ ಶುರು ಮಾಡಿದವಳು ನಾನು. ಯಾಕೆ ಬೇಕಿತ್ತು? ಅವು ಇಲ್ಲದಿದ್ದರೆ ಆ ಅಂಗಡಿಯವನು ಕೂಗಿದ್ದು ಸರಿಯಾಗುತ್ತಿತ್ತಾ? ಪಿಜಿ ಹುಡುಗಿಗೂ ಅದೇ ಚೀಟಿ, ಅದೇ ಮಾತ್ರೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ "ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ" ಎಂದಿದ್ದ ಜಾಗದಲ್ಲಿ "ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ" ಎಂದು ಬಂತು. ಮುಂದಿನ ವರ್ಷ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು. ಆ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಅವರೂ ಇದ್ದರು. 20ರಿಂದ 24 ವಾರದವರೆಗಿನ ಅವಕಾಶವನ್ನು ಮದುವೆಯಾಗಿಲ್ಲ ಎಂಬ ಕಾರಣಕ್ಕೆ ತಪ್ಪಿಸುವಂತಿಲ್ಲ ಎಂದಿತು. ಗಂಡನ ಬಲವಂತದಿಂದ ಬಸಿರಾಗಿದ್ದರೆ, ಈ ಕಾಯ್ದೆಯ ಮಟ್ಟಿಗೆ ಅದನ್ನೂ ಅತ್ಯಾಚಾರವೆಂದೇ ಎಣಿಸಬೇಕು ಎಂದೂ ಹೇಳಿತು. ಈಗ ಹೇಳಪ್ಪ ಅಂಗಡಿಯಣ್ಣ, ಅಂಥ ಗಂಡನನ್ನೂ ಕರ್ಕೊಂಡು ಬರಬೇಕಾ?

ಈ ಗಂಡನ ಸಹಿ ಎಂಬ ಪುರಾಣ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಒಪ್ಪಿಗೆ ಪತ್ರಕ್ಕೆ ಫಾರ್ಮ್ ಸಿ ಎನ್ನುತ್ತಾರೆ. 18 ದಾಟಿದವಳಾದರೆ ಅವಳ ಸಹಿಯೇ ಸಾಕು. ಡಾಕ್ಟರು ಒಪ್ಪಬೇಕು, ಅದು ಬೇರೆ ಮಾತು: 20 ವಾರದವರೆಗೆ ಒಬ್ಬರು, 24ರವರೆಗೆ ಇಬ್ಬರು. ಅದರ ಜೊತೆಗೆ ಅವಳ ಹೆಸರನ್ನು ಡಾಕ್ಟರು ಬಾಯಿಬಿಟ್ಟರೆ ಒಂದು ವರ್ಷದವರೆಗೆ ಜೈಲು. ಒಳಗೆ ಇಷ್ಟೊಂದು ಗುಟ್ಟು. ಹೊರಗೆ ಕೌಂಟರಿನಲ್ಲಿ ಮೈಕಿಲ್ಲದ ಅನೌನ್ಸ್‌ಮೆಂಟು.

ಸರಿ, ನನ್ನ ವಿಷಯಕ್ಕೆ ಬರೋಣ. ನನ್ನ ಚಿಕ್ಕವನಿಗೆ ಒಂಬತ್ತು ತಿಂಗಳಿದ್ದಾಗ ನನಗೂ "ಆಯ್ತು". ಸ್ಟಾಫ್ ರೂಮಿನವರಿಗೆ ನೆನಪಿರಬೇಕು. ಎಲ್ಲ ಸೇರಿ ನೋಡಲು ಬಂದಿದ್ದಿರಿ.

ಆಗಿರಲಿಲ್ಲ. ಮಾಡಿಸಿಕೊಂಡಿದ್ದೆ.

ಮಗುವಿಗೆ ಹಾಲು ಕೊಡುವಾಗ ಬಸಿರು ನಿಲ್ಲುವುದಿಲ್ಲ ಎಂದು ನಂಬಿದ್ದೆ. ಹತ್ತನೇ ಕ್ಲಾಸಿಗೆ ಸಂತಾನೋತ್ಪತ್ತಿ ಪಾಠ ಮಾಡುವವಳು! ಮುಟ್ಟು ಮತ್ತೆ ಶುರುವಾಗುವ ಮೊದಲೇ ಅಂಡ ಬಿಡುಗಡೆ ಆಗಿರಬಹುದು ಎಂದು ಮಕ್ಕಳಿಗೆ ಹೇಳಬೇಕಾದವಳು ಸುಮ್ನೆ ಇದ್ದುಬಿಟ್ಟೆ. ಅಳು ಬಂತಾ? ಬಂತು, ಒಂದು ಸಂಜೆ. ಮಾರನೇ ದಿನ ಬಂದಿದ್ದು ನೆಮ್ಮದಿ. ಇದನ್ನು ಹೇಳಿದರೆ "ಒಳಗೊಳಗೆ ಕೊರಗು ಇದ್ದೇ ಇರುತ್ತೆ" ಎಂದು ನನಗೇ ತಿಳಿಸಿಕೊಡುವವರಿದ್ದಾರೆ. ಅಮೆರಿಕದಲ್ಲಿ ಟರ್ನ್‌ಅವೇ ಎಂಬ ಅಧ್ಯಯನದವರು ಐದು ವರ್ಷ ಇದನ್ನೇ ಕೇಳುತ್ತಾ ಹೋದರು. ಕೊನೆಯಲ್ಲೂ ನೂರಕ್ಕೆ 95ಕ್ಕಿಂತ ಜಾಸ್ತಿ ಹೆಂಗಸರು ತೀರ್ಮಾನ ಸರಿಯಾಗಿತ್ತು ಎಂದೇ ಹೇಳಿದರು. ನಾನು ಆ ಅಧ್ಯಯನದಲ್ಲಿ ಇರಲಿಲ್ಲ. ಇದ್ದಿದ್ದರೂ ಅದನ್ನೇ ಹೇಳುತ್ತಿದ್ದೆ.

ನೀವು ತಂದ ಹಾರ್ಲಿಕ್ಸನ್ನು ಪೂರ್ತಿ ಕುಡಿದು ಮುಗಿಸಿದ್ದೇನೆ. ವಾಪಸ್ ಬೇಕಾದವರು ತಿಳಿಸಿ. ನಮ್ಮನೆಯವರು ಈ ಪೋಸ್ಟ್ ಓದಿದ್ದಾರೆ, ಆದರೆ ಸಹಿ ತೆಗೆದುಕೊಂಡಿಲ್ಲ.

ಸುಳ್ಳು ಯಾಕೆ ಹೇಳಿದೆ ಎಂದರೆ ನಮ್ಮ ಮನೆಯಲ್ಲಿ ಇದಕ್ಕೆ ಮೂರನೆಯ ಮಾತೂ ಒಂದಿತ್ತು. ನಮ್ಮಜ್ಜಿಯ ತಂಗಿ "ಜ್ವರ ಬಂದು ಹೋದಳು". ಚಿಕ್ಕಂದಿನಲ್ಲಿ ಅದನ್ನು ಮಲೇರಿಯಾ ಎಂದುಕೊಂಡಿದ್ದೆ. ಐದು ಮಕ್ಕಳ ತಾಯಿ. ಆರನೆಯದು ಬೇಡವೆಂದು ಯಾರಿಂದಲೋ ಕಡ್ಡಿ ಹಾಕಿಸಿಕೊಂಡು, ನಂಜಾಗಿ ಸತ್ತಳೆಂದು ಅಜ್ಜಿ ಸಾಯುವ ವರ್ಷ ಹೇಳಿದರು. 1860ರ ದಂಡ ಸಂಹಿತೆಯಲ್ಲಿ, ತಾಯಿಯ ಜೀವ ಉಳಿಸಲು ಮಾಡಿದ್ದನ್ನು ಬಿಟ್ಟರೆ, ತೆಗೆಸುವುದು ಅಪರಾಧವಾಗಿತ್ತು. ಹೀಗೆ ಕದ್ದು ಮಾಡಿಸಿಕೊಂಡು ಸಾಯುವವರ ಸಂಖ್ಯೆ ನೋಡಿಯೇ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಮಾಡಿದ್ದು, 1971ರಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯ್ದೆ ಬಂದಿದ್ದು. "ಮೊದಲನೇದು ತೆಗೆಸಿದ್ರೆ ಮತ್ತೆ ನಿಲ್ಲಲ್ಲ" ಎಂಬ ಹೆದರಿಕೆಯೂ ಆ ಕಡ್ಡಿಯ ಕಾಲದ್ದೇ ಇರಬೇಕು. ಆಗ ನಂಜು ಗರ್ಭಕೋಶಕ್ಕೇ ಹೋಗುತ್ತಿತ್ತು. ಈಗ ಸರಿಯಾದ ಸಮಯಕ್ಕೆ ಡಾಕ್ಟರ ಹತ್ತಿರ ಮಾಡಿಸಿದರೆ ಮುಂದಿನ ಬಸಿರಿಗೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ.

ನಂಜು ಎಂದಾಗ ಸವಿತಾ ಹಾಲಪ್ಪನವರ ನೆನಪಾಗುತ್ತಾಳೆ. ಬೆಳಗಾವಿಯಲ್ಲಿ ಬೆಳೆದವಳು, ಐರ್ಲೆಂಡಿನಲ್ಲಿದ್ದ ಹಲ್ಲಿನ ಡಾಕ್ಟರು, 31 ವರ್ಷ. ಬಯಸಿ ಆದ ಬಸಿರು. 17 ವಾರಕ್ಕೆ ತಾನಾಗಿ ಹೋಗಲು ಶುರುವಾಯಿತು. ಉಳಿಯುವುದಿಲ್ಲ ಎಂದು ಐರ್ಲೆಂಡಿನ ಡಾಕ್ಟರುಗಳೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಕೇಳಿದಳು. ಮಗುವಿನ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂದರು. ಕಾದರು. 2012ರ ಅಕ್ಟೋಬರ್ 28ರಂದು ಅಲ್ಲಿನ ಗಾಲ್ವೇಯಲ್ಲಿ ನಂಜೇರಿ ತೀರಿಕೊಂಡಳು. "ಆಗ್ತಾ ಇದೆ" ಮತ್ತು "ಮಾಡಿ" ಎಂಬುದರ ನಡುವೆ ಸಿಕ್ಕಿಕೊಂಡು ಸತ್ತಳು ನಮ್ಮ ಹುಡುಗಿ. ಅದೇ ಬೆಳಗಾವಿಯಲ್ಲಿ ಆಗಿದ್ದರೆ, ನಮ್ಮ ಕಾಯ್ದೆ ಜಾರಿಯಾದ 1972ರಿಂದಲೇ ಕಾನೂನು ಅಡ್ಡ ಬರುತ್ತಿರಲಿಲ್ಲ. 2018ರ ಮೇ 25ರಂದು ಐರ್ಲೆಂಡಿನ ಜನ ನೂರಕ್ಕೆ 66.4 ಮತ ಹಾಕಿ ಗರ್ಭಪಾತಕ್ಕೆ ಅಡ್ಡವಾಗಿದ್ದ ನಿಯಮವನ್ನೇ ಸಂವಿಧಾನದಿಂದ ತೆಗೆದರು. ಅಲ್ಲಿನವರು ಅವಳ ಫೋಟೊ ಹಿಡಿದು ಬೀದಿಗೆ ಬಂದಿದ್ದರು. ನಾವು ಇಲ್ಲಿ ಇನ್ನೂ ಕೌಂಟರಿನಲ್ಲಿ ಗಂಡ ಎಲ್ಲಿ ಎನ್ನುತ್ತಿದ್ದೇವೆ.

ಈಗ ಯಾರೋ ಕಾಮೆಂಟಿನಲ್ಲಿ "ಮಂಡ್ಯ ಮರೆತ್ರಾ ಮೇಡಂ?" ಎಂದು ಟೈಪ್ ಮಾಡುತ್ತಿರುತ್ತೀರಿ. ಮರೆತಿಲ್ಲ. 2023ರ ಕೊನೆಯಲ್ಲಿ ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣೋ ಗಂಡೋ ಹೇಳುತ್ತಿದ್ದವರು ಸಿಕ್ಕಿಬಿದ್ದಾಗ ನಾನೂ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆದರೆ ಅದು 1994ರ ಕಾಯ್ದೆಯ ಕಥೆ. ಲಿಂಗ ಪತ್ತೆ ಮಾಡುವುದೇ ಅಪರಾಧ. ಈ ಮಾತ್ರೆ ಕೊಡುವುದು 9 ವಾರದೊಳಗೆ. ಅಷ್ಟರಲ್ಲಿ ಯಾವ ಸ್ಕ್ಯಾನಿಂಗಿನಲ್ಲೂ ಹೆಣ್ಣೋ ಗಂಡೋ ಕಾಣುವುದಿಲ್ಲ. ಮಾತ್ರೆಗೂ ಆಲೆಮನೆಗೂ ಎಲ್ಲಿಯ ಸಂಬಂಧ? ಆ ಆಲೆಮನೆಗೆ ಹೆಂಗಸರನ್ನು ಕಾರಲ್ಲಿ ಕೂರಿಸಿಕೊಂಡು ಹೋದವರು ಯಾರು ಅಂತೀರಿ? ಈ ಅಂಗಡಿಯಣ್ಣ ಕರ್ಕೊಂಡು ಬನ್ನಿ ಎಂದು ಕೇಳಿದ ಮನೆಯವರೇ ಅಲ್ವಾ?

"ಆದರೂ ಒಂದು ಜೀವ..." ಎನ್ನುವವರೂ ಇದ್ದೀರಿ. ನನ್ನ ಅಕ್ಕನೂ ಒಬ್ಬಳು. ಅವಳ ನಂಬಿಕೆ ಅವಳದು, ಜಗಳವಿಲ್ಲ. ಆದರೆ ಅಕ್ಕ, ನಿನಗೆ ನಾನು "ಆಯ್ತು" ಅಂದಾಗ ನೀನು ಎರಡು ವಾರ ಇದ್ದು ಬಾಣಂತಿಗೆ ಮಾಡೋ ಹಾಗೆ ಮೆಣಸಿನ ಸಾರು, ಬಿಸಿ ಅನ್ನ ಮಾಡಿ ಹಾಕಿದೆ. ನಿಜ ಹೇಳಿದ್ದರೆ ಮಾಡುತ್ತಿದ್ದೆಯಾ? ರಾತ್ರಿ ಫೋನ್ ಮಾಡಿ ಹೇಳು. ಇಲ್ಲಿ ಬರೆಯಬೇಡ.

ಅಂದಹಾಗೆ, ಅಂಗಡಿಯವನ ಹತ್ತಿರ ಜಗಳವಾಡಿದ ಭರದಲ್ಲಿ ಬಿಪಿ ಮಾತ್ರೆ ತರಲೇ ಇಲ್ಲ. ಈಗ ಆ ಅಂಗಡಿಗೆ ಹೋಗುವ ಹಾಗೂ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ? ಗೊತ್ತಿದ್ದವರು ಹೇಳಿ.