ಇಂಗ್ಲೆಂಡಿನ ಓಣಿಗಳಲ್ಲಿ ನಿಧಾನವಾಗಿ

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಇಂಗ್ಲೆಂಡಿಗೆ ಬರುವ ನಂಟರಿಷ್ಟರು ಲಂಡನ್ ನೋಡಿ ಮುಗಿಸಿದ ಮೇಲೆ "ಇಲ್ಲಿಯ ಹಳ್ಳಿ ತೋರಿಸಿ" ಎನ್ನುತ್ತಾರೆ. ಆಗ ಅವರಿಗೆ ಸಾಮಾನ್ಯವಾಗಿ ಸಿಗುವುದು ಕಾಟ್ಸ್‌ವೋಲ್ಡ್ಸ್ ಪ್ರದೇಶದ ಒಂದು ದಿನದ ಕಾರು ಪ್ರವಾಸ: ಬೈಬರಿಯ ಕಲ್ಲುಮನೆಗಳ ಸಾಲಿನ ಮುಂದೆ ಒಂದು ಫೋಟೊ, ಬೋರ್ಟನ್ ಆನ್ ದ ವಾಟರ್‌ನಲ್ಲಿ ಒಂದು ಐಸ್‌ಕ್ರೀಮು, ಉಳಿದ ಹೊತ್ತೆಲ್ಲ ಪಾರ್ಕಿಂಗ್ ಜಾಗದ ಹುಡುಕಾಟ. ಆ ಊರುಗಳು ಚೆಂದವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಬಳುಕುತ್ತಾ ಹೋಗುವ, ಎರಡೂ ಕಡೆ ಬೇಲಿಗಿಡ ಬೆಳೆದು ನಿಂತ ಓಣಿ ಎಂಬುದು ನನ್ನ ಅಭಿಪ್ರಾಯ. ಕಾರಿನಲ್ಲಿ ಹೋಗುವವರಿಗೆ ಅದು ಎದುರಿನಿಂದ ಇನ್ನೊಂದು ಕಾರು ಬಂದರೆ ಏನು ಗತಿ ಎಂಬ ಆತಂಕವಷ್ಟೇ ಆಗಿ ಉಳಿಯುತ್ತದೆ. ಸೈಕಲ್ಲಿನಲ್ಲಿ ಹೋಗುವವರಿಗೆ ಅದೇ ಇಡೀ ಪ್ರವಾಸ.

ಲಂಡನ್ನಿನ ಈಶಾನ್ಯಕ್ಕಿರುವ ಸಫಕ್ ಕೌಂಟಿಯ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ನಾನು ಹೆಚ್ಚು ಸುತ್ತಿರುವುದು ಅಲ್ಲಿಯೇ. ಲ್ಯಾವೆನಮ್ ಎಂಬ ಊರು ಉಣ್ಣೆ ಬಟ್ಟೆಯ ವ್ಯಾಪಾರದಿಂದ ಬೆಳೆದು, 1520ರ ದಶಕದಲ್ಲಿ ಇಂಗ್ಲೆಂಡಿನ ಅತಿ ಶ್ರೀಮಂತ ಪಟ್ಟಣಗಳ ಸಾಲಿನಲ್ಲಿ ನಿಂತಿತ್ತು. ಅದಾದ ಸ್ವಲ್ಪ ಕಾಲಕ್ಕೇ, ಕೋಲ್ಚೆಸ್ಟರಿಗೆ ಬಂದು ನೆಲೆಸಿದ ಡಚ್ಚರು ನೇಯ್ದ ಹಗುರ ಬಟ್ಟೆಗಳ ಪೈಪೋಟಿಯಲ್ಲಿ ಅದರ ಗಟ್ಟಿ ಉಣ್ಣೆ ಬಟ್ಟೆ ಸೋತಿತು. ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವಷ್ಟು ಹಣ ಊರಿನಲ್ಲಿ ಉಳಿಯಲಿಲ್ಲ. ಹೀಗಾಗಿ ಮರದ ತೊಲೆಗಳ, ಒಂದರ ಮೇಲೊಂದು ವಾಲಿಕೊಂಡಂತೆ ನಿಂತ ಆ ಮನೆಗಳು ಇವತ್ತಿಗೂ ಹಾಗೆಯೇ ಇವೆ. ಪ್ರವಾಸಿಗರು ಮೆಚ್ಚಿಕೊಳ್ಳುವ ಆ ಅಂದ ನಿಜಕ್ಕೂ ಬಡತನ ಕಾಪಾಡಿಕೊಟ್ಟದ್ದು.

ಸುತ್ತಲಿನ ಓಣಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಇಂಗ್ಲೆಂಡಿನ ನಡುಭಾಗದಲ್ಲಿ 18ನೇ ಶತಮಾನದ ನಡುವಿನಿಂದ 19ನೇ ಶತಮಾನದ ನಡುವಿನವರೆಗೆ, ಸಂಸತ್ತಿನ ಕಾಯ್ದೆಗಳ ಬಲದಿಂದ ಊರೊಟ್ಟಿನ ಹೊಲಗಳಿಗೂ ಗೋಮಾಳಗಳಿಗೂ ಬೇಲಿ ಹಾಕಿ ಖಾಸಗಿ ಒಡೆತನಕ್ಕೆ ಹಂಚಲಾಯಿತು. ಅದಕ್ಕಾಗಿ ನೇಮಕವಾದ ಕಮಿಷನರುಗಳು ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದಂತೆ ಹೊಸ ರಸ್ತೆಗಳನ್ನೂ ಹಾಕಿದರು. ಅಂಥ ಕಡೆ ರಸ್ತೆ ಅಗಲವಾಗಿ, ನೇರವಾಗಿ, ಇಬ್ಬದಿಗಳಲ್ಲಿ ಹುಲ್ಲಿನ ಅಂಚು ಬಿಟ್ಟುಕೊಂಡು ಸಾಗುತ್ತದೆ. ಸಫಕ್‌ನ ಬಹುಭಾಗದಲ್ಲಾಗಲಿ ಪಶ್ಚಿಮದ ಡೆವನ್‌ನಲ್ಲಾಗಲಿ ಹೊಲಗಳಿಗೆ ಬೇಲಿ ಬಿದ್ದದ್ದು ಅದಕ್ಕೂ ಬಹಳ ಹಿಂದೆ, ಯಾರ ದೊಡ್ಡ ಯೋಜನೆಯೂ ಇಲ್ಲದೆ. ಅಲ್ಲಿ ಹಾದಿಯೆಂದರೆ ಒಬ್ಬನ ಹೊಲದ ಮೂಲೆ ಸುತ್ತಿ, ಇನ್ನೊಬ್ಬನ ಕೊಟ್ಟಿಗೆ ಬಳಸಿ, ಗಿರಣಿಗೊಮ್ಮೆ ಚರ್ಚಿಗೊಮ್ಮೆ ಮುಖ ತೋರಿಸಿ ಹೋಗುವಂಥದ್ದು. ಡೆವನ್‌ನಲ್ಲಂತೂ ನೂರಾರು ವರ್ಷ ಗಾಡಿ, ದನ, ಮನುಷ್ಯರು ನಡೆದು ನಡೆದು, ಮಳೆನೀರು ಕೊಚ್ಚಿ, ಹಾದಿ ನೆಲಮಟ್ಟದಿಂದ ಎಷ್ಟು ತಗ್ಗಿಗೆ ಇಳಿದಿರುತ್ತದೆಂದರೆ ಎರಡೂ ಕಡೆಯ ದಿಣ್ಣೆ ಸವಾರನ ತಲೆಯ ಮೇಲಕ್ಕೆ ಏರಿರುತ್ತದೆ. ಈ ಹಾದಿಗಳನ್ನು ನೆಟ್ಟಗೆ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಮುಂದೆ ಡಾಂಬರು ಬಂದಾಗ ಅದೂ ಹಳೆಯ ಬಳುಕುಗಳ ಮೇಲೆಯೇ ಬಂದು ಕುಳಿತಿತು.

ಇವುಗಳನ್ನು ಹುಡುಕಲು ನಾನು ಫೋನಿನ ದಾರಿತೋರುಕನಿಗಿಂತ ಆರ್ಡ್‌ನೆನ್ಸ್ ಸರ್ವೆಯ ಕಾಗದದ ನಕ್ಷೆಯನ್ನೇ ಹೆಚ್ಚು ನಂಬುತ್ತೇನೆ. 1791ರಲ್ಲಿ ಸೈನ್ಯದ ಅಗತ್ಯಕ್ಕಾಗಿ ಹುಟ್ಟಿಕೊಂಡ ಈ ಸಂಸ್ಥೆ ಇಂದು ಇಡೀ ಬ್ರಿಟನ್ನನ್ನು 1:50,000 ಪ್ರಮಾಣದ 204 ಹಾಳೆಗಳಲ್ಲಿ ಹಿಡಿದಿಟ್ಟಿದೆ. ಅದರಲ್ಲಿ ನಾಲ್ಕು ಮೀಟರಿಗಿಂತ ಕಿರಿದಾದ ರಸ್ತೆಗಳನ್ನು ತೆಳುವಾದ ಹಳದಿ ಗೆರೆಯಿಂದ ಗುರುತಿಸಿರುತ್ತಾರೆ. ನನ್ನ ನಿಯಮ ಸರಳವಾದದ್ದು: ದಿನವೆಲ್ಲ ತೆಳು ಹಳದಿ ಗೆರೆಗಳ ಮೇಲೆಯೇ ಇರಬೇಕು, ಕೆಂಪು ಗೆರೆಯನ್ನು ದಾಟಬೇಕೇ ಹೊರತು ಅದರ ಮೇಲೆ ಸಾಗಬಾರದು. ಗೆರೆಗೆ ಅಡ್ಡವಾಗಿ ಒಂದು ಬಾಣದ ಗುರುತಿದ್ದರೆ ಏಳಕ್ಕೆ ಒಂದಕ್ಕಿಂತ ಕಡಿದಾದ ಏರು, ಎರಡಿದ್ದರೆ ಐದಕ್ಕೆ ಒಂದಕ್ಕಿಂತ ಕಡಿದು. ಎರಡು ಬಾಣ ಕಂಡಲ್ಲಿ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ನಿಧಾನವಾಗಿ ಹೋಗುವುದು ಕೈಲಾಗದವರ ರಾಜಿ ಎಂದು ಭಾವಿಸುವವರಿದ್ದಾರೆ. ಭಾನುವಾರ ಬೆಳಗ್ಗೆ ಮೈಗಂಟಿದ ಜೆರ್ಸಿ ತೊಟ್ಟು, ಸಾಲುಗಟ್ಟಿ, ಸರ್ರನೆ ಹಾದುಹೋಗುವ ಕ್ಲಬ್ಬಿನವರ ಮೇಲೆ ನನಗೆ ಸಿಟ್ಟಿಲ್ಲ; ಅದು ಬೇರೆಯೇ ಆಟ. ಆದರೆ ಓಣಿಗೆ ಬೇಕಾದ ಸೈಕಲ್ಲು ಬೇರೆ: ಅಗಲ ಟೈರು, ಏರಿಗೆ ಒದಗುವ ಸಣ್ಣ ಗೇರು, ಮಡ್‌ಗಾರ್ಡು, ಕ್ಯಾರಿಯರಿನ ಮೇಲೊಂದು ಚೀಲ. ದಿನಕ್ಕೆ ಐವತ್ತು ಕಿಲೋಮೀಟರು ಸಾಕು, ಅದಕ್ಕಿಂತ ಕಡಿಮೆಯಾದರೂ ನಷ್ಟವಿಲ್ಲ. ಆ ವೇಗದಲ್ಲಿ ಮಾತ್ರ ಬೇಲಿಯ ಸಂದಿನಿಂದ ಆಚೆಯ ಗೋಧಿ ಹೊಲ ಕಾಣುತ್ತದೆ. ಯಾವುದೋ ಗೇಟಿನ ಬಳಿ ಮೊಟ್ಟೆ, ಜಾಮು ಇಟ್ಟು ಪಕ್ಕದಲ್ಲಿ ಹಣ ಹಾಕಲು ಡಬ್ಬಿ ಇಟ್ಟಿರುವುದು ಕಣ್ಣಿಗೆ ಬೀಳುತ್ತದೆ. ಬಿಳಿ ಬಣ್ಣದ ಕೈಕಂಬದ ಮೇಲಿನ ಊರ ಹೆಸರುಗಳನ್ನು ನಿಂತು ಓದುವ ಪುರುಸೊತ್ತೂ ಸಿಗುತ್ತದೆ. ಈ ಕೈಕಂಬಗಳನ್ನು 1940ರಲ್ಲಿ, ಜರ್ಮನ್ ಸೈನ್ಯ ಬಂದಿಳಿದರೆ ದಾರಿ ತಿಳಿಯಬಾರದೆಂದು, ದೇಶದ ಬಹುಭಾಗದಲ್ಲಿ ಕಿತ್ತುಹಾಕಿದ್ದರು. ಓಣಿಗಳ ಈ ಜಾಲದಲ್ಲಿ ಒಮ್ಮೆ ತಿರುಗಾಡಿದವರಿಗೆ ಆ ಉಪಾಯ ಹೊಳೆದದ್ದು ಆಶ್ಚರ್ಯವೆನಿಸುವುದಿಲ್ಲ.

ಲ್ಯಾವೆನಮ್‌ನಿಂದ ಕರ್ಸಿ ಎಂಬ ಹಳ್ಳಿಗೆ ಮುಖ್ಯ ರಸ್ತೆಯಲ್ಲಿ ಹೋದರೆ ಬೇಗ ತಲುಪಬಹುದು. ನಾನು ಮಿಲ್ಡನ್, ಲಿಂಡ್ಸಿಗಳ ಮೇಲೆ ಬಳಸಿಕೊಂಡು ಹೋಗುತ್ತೇನೆ. ಲಿಂಡ್ಸಿಯ ಹೊರಗೆ ರಸ್ತೆಯ ಪಕ್ಕದಲ್ಲೇ ಚಕಮಕಿ ಕಲ್ಲಿನ ಗೋಡೆ, ಹುಲ್ಲಿನ ಚಾವಣಿಯ 13ನೇ ಶತಮಾನದ ಪುಟ್ಟ ಚಾಪೆಲ್ ಒಂದಿದೆ. ಕರ್ಸಿಯಲ್ಲಿ ಊರ ಮುಖ್ಯ ಬೀದಿಯೇ ಇಳಿದುಹೋಗಿ ಒಂದು ತೊರೆಯೊಳಗೆ ಮುಳುಗಿ ಆಚೆ ಏಳುತ್ತದೆ. ಕಾರುಗಳು ನೀರಿನಲ್ಲಿ ಮೆಲ್ಲನೆ ದಾಟುತ್ತವೆ, ಬಾತುಕೋಳಿಗಳು ತಮ್ಮ ಹಕ್ಕನ್ನು ಬಿಟ್ಟುಕೊಡುವುದಿಲ್ಲ, ಸೈಕಲ್ಲಿನವರು ಬದಿಯ ಕಾಲುಸೇತುವೆ ಹಿಡಿಯುವುದು ಕ್ಷೇಮ, ಏಕೆಂದರೆ ನೀರಿನಡಿಯ ನೆಲ ಜಾರುತ್ತದೆ. ಗುಡ್ಡದ ಮೇಲಿನ ಚರ್ಚಿಗೆ ಹತ್ತುವಾಗ ಸಫಕ್ ಮೈದಾನ ಸೀಮೆಯೆಂದು ಹೇಳಿದವರು ನೆನಪಾಗುತ್ತಾರೆ.

ನಾನು ಆಸ್ತಿಕನೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ, ಆದರೆ ಹಳ್ಳಿಯ ಚರ್ಚು ಸೈಕಲ್ ಸವಾರನಿಗೆ ಎಲ್ಲರಿಗಿಂತ ಹೆಚ್ಚು ಉಪಕಾರ ಮಾಡುವ ಸಂಸ್ಥೆ. ಮಳೆ ಬಂದರೆ ಅದರ ಮುಖಮಂಟಪದಲ್ಲಿ ಕಲ್ಲಿನ ಜಗಲಿ ಇರುತ್ತದೆ; ಸಮಾಧಿಗಳ ಹೂವಿಗೆ ನೀರು ಹಾಕಲೆಂದು ಅಂಗಳದಲ್ಲಿ ಎಷ್ಟೋ ಕಡೆ ನಲ್ಲಿಯಿರುತ್ತದೆ. ಊಟದ ವಿಷಯದಲ್ಲಿ ಮಾತ್ರ ಹಳ್ಳಿಗಳನ್ನು ನಂಬಿ ಹೊರಡಬಾರದು. ಅಂಗಡಿಗಳು ಎಷ್ಟೋ ಊರುಗಳಲ್ಲಿ ಮುಚ್ಚಿಹೋಗಿವೆ; ಪಬ್ಬು ತೆರೆದಿದ್ದರೂ ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ನಿಂತಿರಬಹುದು, ಸಸ್ಯಾಹಾರಿಗೆ ಚಿಪ್ಸು ಮತ್ತು ಚೀಸ್ ಸ್ಯಾಂಡ್‌ವಿಚ್ಚಿನಾಚೆಗೆ ಆಯ್ಕೆ ಇಲ್ಲದಿರಬಹುದು. ಆದ್ದರಿಂದ ಚೀಲದಲ್ಲಿ ಚಪಾತಿ, ಚಟ್ನಿಪುಡಿ ಇರಲೇಬೇಕು ಎಂಬುದು ನನ್ನ ಮನೆಯವರ ಕಟ್ಟಪ್ಪಣೆ, ಮತ್ತು ಅದು ಸರಿಯಾದದ್ದು.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೂರು ಮೀಟರ್ ಅಗಲದ, ತಿರುವಿನಾಚೆ ಏನಿದೆಯೆಂದು ಕಾಣದ ಈ ಓಣಿಗಳಲ್ಲಿ, ಬೇರೆ ಫಲಕ ಇಲ್ಲದಿದ್ದರೆ, ಕಾರಿಗೆ ಕಾನೂನು ವಿಧಿಸಿರುವ ವೇಗಮಿತಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರು. ಬಹುಪಾಲು ಚಾಲಕರು ಅಷ್ಟು ವೇಗದಲ್ಲಿ ಹೋಗುವುದಿಲ್ಲ, ಹೋಗಲು ಸಾಧ್ಯವೂ ಇಲ್ಲ. ಆದರೆ ಹೋಗಬಲ್ಲೆನೆಂದು ನಂಬಿದ ಒಬ್ಬ ಸಾಕು. ಬ್ರಿಟನ್ನಿನಲ್ಲಿ ಸಾಯುವ ಸೈಕಲ್ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುವುದು ಗ್ರಾಮಾಂತರ ರಸ್ತೆಗಳಲ್ಲಿಯೇ. ಪಕ್ಕದ ಐರ್ಲೆಂಡ್ 2025ರ ಫೆಬ್ರವರಿಯಲ್ಲಿ ತನ್ನ ಸಣ್ಣ ಹಳ್ಳಿ ರಸ್ತೆಗಳ ಮಿತಿಯನ್ನು 80ರಿಂದ 60 ಕಿಲೋಮೀಟರಿಗೆ ಇಳಿಸಿತು. ಇಂಗ್ಲೆಂಡಿನಲ್ಲಿ ಕೆಲವು ಕೌಂಟಿಗಳು, ಸಫಕ್ ಕೂಡ, ಕೆಲವು ಓಣಿಗಳನ್ನು "ಶಾಂತ ಓಣಿ" ಎಂದು ಘೋಷಿಸಿ ಹಸಿರು ಫಲಕ ನೆಟ್ಟಿವೆ. ಒಳ್ಳೆಯ ಕೆಲಸವೇ, ಆದರೆ ಆ ಫಲಕದಿಂದ ವೇಗಮಿತಿ ತಾನಾಗಿ ಇಳಿಯುವುದಿಲ್ಲ. 2022ರ ಜನವರಿಯಲ್ಲಿ ತಿದ್ದುಪಡಿಯಾದ ಹೈವೇ ಕೋಡ್ ಎಂಬ ರಸ್ತೆ ನಿಯಮಗಳ ಕೈಪಿಡಿ, ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕೆಂದು ಹೇಳುತ್ತದೆ, ನಿಶ್ಶಬ್ದ ರಸ್ತೆಗಳಲ್ಲಿ ಸವಾರರು ನಡುಭಾಗದಲ್ಲೇ ಸಾಗಬಹುದೆಂದೂ ಹೇಳುತ್ತದೆ. ಮೂರು ಮೀಟರ್ ಓಣಿಯಲ್ಲಿ ಒಂದೂವರೆ ಮೀಟರ್ ಬಿಟ್ಟು ದಾಟಲು ಜಾಗವೇ ಇಲ್ಲ, ಹಿಂದೆ ಕಾಯಬೇಕಷ್ಟೆ. ಹಾಗಿರುವಾಗ 60 ಮೈಲಿಯ ಅನುಮತಿ ಯಾರಿಗಾಗಿ?

ಇದರಲ್ಲಿ ಒಂದು ಚಾರಿತ್ರಿಕ ಅನ್ಯಾಯವೂ ಇದೆ. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿ, ಮುಂದೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾದ ಸಂಘ, ಅಪಾಯದ ಇಳಿಜಾರುಗಳ ತುದಿಯಲ್ಲಿ ಎಚ್ಚರಿಕೆಯ ಫಲಕ ನೆಟ್ಟಿತು, ಸವಾರರನ್ನು ಆದರಿಸುವ ಛತ್ರಗಳ ಗೋಡೆಗೆ ರೆಕ್ಕೆಯ ಚಕ್ರದ ಕಬ್ಬಿಣದ ಲಾಂಛನ ಹೊಡೆಯಿತು. 1886ರಲ್ಲಿ ರಸ್ತೆ ಸುಧಾರಣೆಗಾಗಿ ಸಂಘ ಕಟ್ಟಿದವರೂ ಸೈಕಲ್ಲಿನವರೇ. 1888ರ ಕಾಯ್ದೆ ಸೈಕಲ್ಲನ್ನು ವಾಹನವೆಂದು ಒಪ್ಪಿ ರಸ್ತೆಯ ಮೇಲೆ ಅದರ ಹಕ್ಕನ್ನು ಗಟ್ಟಿಗೊಳಿಸಿತು. ಒಳ್ಳೆಯ ರಸ್ತೆಗಾಗಿ ಮೊದಲು ದನಿಯೆತ್ತಿದವರ ಮೊಮ್ಮಕ್ಕಳು ಇಂದು ಹಾರ್ನ್ ಕೇಳಿ ಬೇಲಿಗೆ ಒತ್ತಿಕೊಂಡು ನಿಲ್ಲಬೇಕಾಗಿದೆ.

ಬರುವವರು ಮೇ ನಡುವಿನಿಂದ ಜೂನ್ ಕೊನೆಯೊಳಗೆ ಬನ್ನಿ. ಆಗ ಹಾಥಾರ್ನ್ ಮುಳ್ಳುಗಿಡ ಹೂಬಿಟ್ಟಿರುತ್ತದೆ, ಓಣಿಯ ಅಂಚಿನಲ್ಲಿ ಕೊತ್ತಂಬರಿ ಜಾತಿಯ ಕೌ ಪಾರ್ಸ್ಲಿ ಸೊಂಟದೆತ್ತರಕ್ಕೆ ಬೆಳ್ಳಗೆ ನಿಂತಿರುತ್ತದೆ, ಜೂನಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಕತ್ತರಿಸುವುದಕ್ಕೆ ನಿಷೇಧವಿದೆ. ಸೆಪ್ಟೆಂಬರಿನಿಂದ ಟ್ರಾಕ್ಟರುಗಳು ಬೇಲಿ ಸವರಲು ಶುರುಮಾಡಿದ ಮೇಲೆ ರಸ್ತೆಯ ತುಂಬ ಮುಳ್ಳು ಬೀಳುವುದರಿಂದ ಎರಡು ಟ್ಯೂಬು ಹೆಚ್ಚಿಗೆ ಇರಲಿ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹೊರಟು, ಮಾರ್ಕ್ಸ್ ಟೇಯಲ್ಲಿ ರೈಲು ಬದಲಿಸಿದರೆ ಲ್ಯಾವೆನಮ್‌ಗೆ ಹತ್ತಿರದ ಸಡ್ಬರಿಗೆ ತಲುಪಬಹುದು. ವಾರದ ದಿನಗಳ ದಟ್ಟಣೆಯ ಹೊತ್ತಿನಲ್ಲಿ ಲಂಡನ್ನಿನ ರೈಲಿಗೆ ಮಡಚಲಾಗದ ಸೈಕಲ್ಲು ಹತ್ತಿಸಲು ಬಿಡುವುದಿಲ್ಲ, ಆದ್ದರಿಂದ ಆ ಹೊತ್ತು ತಪ್ಪಿಸಿ ರೈಲು ಹಿಡಿಯಿರಿ. ಸಡ್ಬರಿಯಿಂದ ಲ್ಯಾವೆನಮ್‌ಗೆ ಎ134 ಹೆದ್ದಾರಿಯ ಮೇಲೆ ಮಾತ್ರ ಹೋಗಬೇಡಿ.