ಪೇಪರ್ ಬರೆದವಳು ಈಗ ಮೂರನೆಯವಳು

ನಿನ್ನೆ ರಾತ್ರಿ ಒಂದು ಫೋನ್ ಬಂತು. ಆಗಿನಿಂದ ಮನಸ್ಸು ಸರಿ ಇಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ.

ಮಾಡಿದವಳು ನನ್ನ ಹಳೇ ವಿದ್ಯಾರ್ಥಿನಿ. ಈಗ ಬೇರೆ ಕಡೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಎರಡು ವರ್ಷ ಲ್ಯಾಬ್‌ನಲ್ಲಿ ಪ್ರಯೋಗ ಮಾಡಿದ್ದು ಅವಳು, ಡೇಟಾ ತೆಗೆದಿದ್ದು ಅವಳು, ಅದರ ಮೇಲೆ ಸಂಶೋಧನಾ ಪೇಪರ್ ಬರೆದಿದ್ದು ಅವಳು. ಜರ್ನಲ್‌ನವರು ಸಣ್ಣಪುಟ್ಟ ತಿದ್ದುಪಡಿ ಕೇಳಿದ್ದರು. ತಿದ್ದಿ ವಾಪಸ್ ಕಳಿಸುವ ಹೊತ್ತಿಗೆ ಗೈಡ್ ಎರಡು ಹೊಸ ಹೆಸರು ಸೇರಿಸಿದ್ದಾರೆ. ಅದೂ ಅವಳ ಹೆಸರಿಗಿಂತ ಮೊದಲು. ಒಬ್ಬರು ವಿಭಾಗದ ಮುಖ್ಯಸ್ಥರು. ಇನ್ನೊಬ್ಬರಿಗೆ ಬಡ್ತಿಗೆ ಒಂದು ಪೇಪರ್ ಕಡಿಮೆ ಬಿದ್ದಿದೆಯಂತೆ. ಹೀಗಾಗಿ ಪೇಪರ್ ಬರೆದವಳು ಈಗ ಮೂರನೆಯವಳು.

"ಹೋಗಲಿ ಬಿಡಿ ಮೇಡಂ, ಪೇಪರ್ ಬಂದರೆ ಸಾಕು" ಅಂದಳು. ಅವಳು ಅತ್ತಿದ್ದರೂ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ನಿಯಮ ಇಲ್ಲ ಅಂತ ಯಾರೂ ಹೇಳಬೇಡಿ. ನಿಯಮ ಚೆನ್ನಾಗಿಯೇ ಇದೆ. ವೈದ್ಯಕೀಯ ಜರ್ನಲ್‌ಗಳ ಎಡಿಟರ್‌ಗಳು 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿ ಶುರು ಮಾಡಿದ ಒಂದು ಸಮಿತಿ ಇದೆ, ಈಗ ಐಸಿಎಂಜೆಇ ಅಂತಾರೆ. ಯಾರನ್ನು ಲೇಖಕ ಅನ್ನಬೇಕು ಅನ್ನುವುದಕ್ಕೆ ಅವರು ನಾಲ್ಕು ಷರತ್ತು ಹಾಕಿದ್ದಾರೆ. ಕೆಲಸದಲ್ಲಿ ಗಟ್ಟಿಯಾದ ಪಾಲಿರಬೇಕು. ಬರೆಯುವುದರಲ್ಲಿ ಅಥವಾ ಬರೆದದ್ದನ್ನು ತಿದ್ದುವುದರಲ್ಲಿ ಕೈ ಇರಬೇಕು. ಕೊನೆಯ ಪ್ರತಿ ಓದಿ ಒಪ್ಪಿರಬೇಕು. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಹೊಣೆ ಹೊರಬೇಕು. ನಾಲ್ಕರಲ್ಲಿ ಒಂದಲ್ಲ, ನಾಲ್ಕೂ ಬೇಕು. ಬರೀ ಹಣ ತಂದುಕೊಟ್ಟೆ, ಬರೀ ಮೇಲುಸ್ತುವಾರಿ ನೋಡಿಕೊಂಡೆ ಅಂದರೆ ಸಾಲದು. ಅಂಥವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗ ಇದೆ. ಆ ಜಾಗ ಅವಮಾನದ್ದೇನಲ್ಲ ಅಲ್ವಾ?

ಮಧ್ಯದಲ್ಲಿ ಹೆಸರು ಸೇರಿಸಿದರೆ ಎಡಿಟರ್ ಸುಮ್ನೆ ಒಪ್ಪುವುದಿಲ್ಲ. ಎಲ್ಲ ಲೇಖಕರ ಒಪ್ಪಿಗೆ ಕೇಳುತ್ತಾರೆ. ಇವಳ ಜರ್ನಲ್‌ನವರೂ ಕೇಳಿದ್ದಾರೆ. ಇವಳೂ ಸಹಿ ಹಾಕಿದ್ದಾಳೆ. ಹಾಕದೆ ಏನು ಮಾಡುತ್ತಾಳೆ? ಥೀಸಿಸ್‌ಗೆ ಸಹಿ ಹಾಕಬೇಕಾದವರು ಅದೇ ಗೈಡ್. ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಫಾರಂ ಇರುವುದು ಇಂಥ ಹುಡುಗಿಯನ್ನು ಕಾಪಾಡುವುದಕ್ಕೆ. ಆದರೆ ಅವಳ ಸಹಿ ಬಿದ್ದ ಮೇಲೆ ಅದು ಹೆಸರು ಸೇರಿಸಿದವರನ್ನು ಕಾಪಾಡುತ್ತದೆ. ನಾಳೆ ಅವಳು ದೂರು ಕೊಟ್ಟರೆ "ನೀನೇ ಒಪ್ಪಿದ್ದೆಯಲ್ಲಮ್ಮ" ಅನ್ನುತ್ತಾರೆ.

ಇದರಿಂದ ಏನು ಮಹಾ ನಷ್ಟ, ಒಂದು ಹೆಸರು ತಾನೇ ಅನ್ನುವವರಿಗೆ ಒಂದು ಹಳೇ ವಿಷಯ ಹೇಳುತ್ತೇನೆ. 1994ರಲ್ಲಿ ಲಂಡನ್ನಿನ ಮಾಲ್ಕಮ್ ಪಿಯರ್ಸ್ ಅನ್ನುವ ಸ್ತ್ರೀರೋಗ ತಜ್ಞ ಒಂದು ಪೇಪರ್ ಪ್ರಕಟಿಸಿದರು. ಗರ್ಭಕೋಶದ ಹೊರಗೆ ಬೆಳೆಯುತ್ತಿದ್ದ ಭ್ರೂಣವನ್ನು ತೆಗೆದು ಗರ್ಭಕೋಶದೊಳಗೆ ಇಟ್ಟೆ, ಮಗು ಆರೋಗ್ಯವಾಗಿ ಹುಟ್ಟಿತು ಅಂತ ಅದರಲ್ಲಿತ್ತು. ಅದು ಪೂರಾ ಸುಳ್ಳು. ಆ ಪೇಪರ್‌ನಲ್ಲಿ ಇನ್ನೊಂದು ಹೆಸರಿತ್ತು, ಜೆಫ್ರಿ ಚೇಂಬರ್ಲೇನ್. ಅವರು ಪಿಯರ್ಸ್ ಇದ್ದ ವಿಭಾಗದ ಮುಖ್ಯಸ್ಥರು, ಪೇಪರ್ ಪ್ರಕಟಿಸಿದ ಜರ್ನಲ್‌ನ ಎಡಿಟರ್, ಜೊತೆಗೆ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಅಧ್ಯಕ್ಷರು. ಆ ಕೆಲಸದಲ್ಲಿ ಅವರ ಕೈ ಇರಲಿಲ್ಲ. ಮುಖ್ಯಸ್ಥರ ಹೆಸರು ಹಾಕುವುದು ಆಗ ವಾಡಿಕೆ, ಅಷ್ಟೇ. ಸುಳ್ಳು ಬಯಲಾದ ಮೇಲೆ ಅಧ್ಯಕ್ಷ ಸ್ಥಾನವೂ ಹೋಯಿತು, ಎಡಿಟರ್ ಸ್ಥಾನವೂ ಹೋಯಿತು. 1995ರಲ್ಲಿ ಪಿಯರ್ಸ್ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದರು. ಇಂಥವನ್ನೆಲ್ಲ ನೋಡಿಯೇ 1997ರಲ್ಲಿ ಕೆಲವು ಎಡಿಟರ್‌ಗಳು ಸೇರಿ ಕೋಪ್ ಅನ್ನುವ ಪ್ರಕಟಣಾ ನೀತಿ ಸಮಿತಿ ಕಟ್ಟಿದರು. ಅಷ್ಟು ವರ್ಷದ ಹಿಂದಿನ ವಾಡಿಕೆಯನ್ನೇ ನಿನ್ನೆ ಇವಳು ಫೋನಿನಲ್ಲಿ ಹೇಳಿದ್ದು.

2020ರ ಮೇ ತಿಂಗಳೂ ನೆನಪಿರಬಹುದು. ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನುವ ಔಷಧದ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ ಒಂದು ಪೇಪರ್ ಬಂತು. 671 ಆಸ್ಪತ್ರೆ, 96,032 ರೋಗಿಗಳು ಅಂತ ಲೆಕ್ಕ. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪರೀಕ್ಷೆಯನ್ನೇ ಸ್ವಲ್ಪ ಕಾಲ ನಿಲ್ಲಿಸಿತು. ಎರಡು ವಾರ ಆಗುವುದರೊಳಗೆ ಪೇಪರ್ ವಾಪಸ್. ನಾಲ್ವರು ಲೇಖಕರಲ್ಲಿ ಮೂವರು, ಮೂಲ ಡೇಟಾ ನಮ್ಮ ಕೈಗೇ ಸಿಗುತ್ತಿಲ್ಲ, ಇದಕ್ಕೆ ನಾವು ಹೊಣೆ ಹೊರಲು ಆಗುವುದಿಲ್ಲ ಅಂದರು. ಈ ಮಾತನ್ನು ಹೆಸರು ಹಾಕುವ ಮೊದಲು ಹೇಳಬೇಕಿತ್ತು. ಇಡೀ ಲೋಕ ಔಷಧಕ್ಕಾಗಿ ಕಾಯುತ್ತಿದ್ದ ಹೊತ್ತು ಅದು.

ಒಬ್ಬರು ಸ್ನೇಹಿತರು ನನ್ನ ಜೊತೆ ಯಾವಾಗಲೂ ವಾದ ಮಾಡುತ್ತಾರೆ. ಈಗಿನ ವಿಜ್ಞಾನ ಒಬ್ಬರಿಂದ ಆಗುವುದಲ್ಲ, ಭೌತವಿಜ್ಞಾನದವರು ಹೇಳುವ ಹಿಗ್ಸ್ ಅನ್ನುವ ಅತಿ ಸಣ್ಣ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಪೇಪರ್‌ನಲ್ಲಿ 5,154 ಹೆಸರಿತ್ತು, ಅದಕ್ಕೇನು ಹೇಳುತ್ತೀಯಾ ಅಂತ. ಹೌದು, 33 ಪುಟದಲ್ಲಿ 24 ಪುಟ ಬರೀ ಹೆಸರು, ಸಂಸ್ಥೆಗಳೇ. ಆದರೆ ಅಲ್ಲಿ ಯಾರ ಹೆಸರು ಬರಬೇಕು ಅನ್ನುವುದಕ್ಕೆ ಮೊದಲೇ ಬರೆದಿಟ್ಟ ನಿಯಮ ಇದೆ. ಆ ಕಣವನ್ನು ಹುಡುಕಿದ ದೊಡ್ಡ ಯಂತ್ರ ಕಟ್ಟಿದವರು, ಅದನ್ನು ಹಗಲುರಾತ್ರಿ ನಡೆಸಿದವರು ಅವರೆಲ್ಲ. ಬಡ್ತಿಗೆ ಕಡಿಮೆ ಬಿತ್ತು ಅಂತ ಕೊನೇ ವಾರ ಬಂದು ಸೇರಿದವರನ್ನು ಅವರ ಪಕ್ಕ ಕೂರಿಸಬೇಡಿ. ಎರಡೂ ಒಂದೇ ಅಲ್ಲ.

ಯಾರು ಏನು ಮಾಡಿದರು ಅಂತ ಹೇಳುವುದಕ್ಕೆ ಈಗ ಕ್ರೆಡಿಟ್ ಅನ್ನುವ ಪಟ್ಟಿ ಬಂದಿದೆ, 14 ಬಗೆಯ ಕೆಲಸ ಇದೆ ಅದರಲ್ಲಿ. ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಅದನ್ನು ತುಂಬುವವರು ಒಬ್ಬರೇ, ಪೇಪರ್ ಕಳಿಸುವ ಲೇಖಕರು. ಇವಳ ಪೇಪರ್‌ನಲ್ಲಿ ಅದು ಗೈಡ್. ಪ್ರತಿಯೊಬ್ಬ ಲೇಖಕರಿಗೂ ಎಡಿಟರ್ ಬೇರೆಬೇರೆಯಾಗಿ ಒಂದು ಮೇಲ್ ಕಳಿಸಿ "ನೀವು ಏನು ಮಾಡಿದಿರಿ, ನಾಲ್ಕು ಸಾಲಿನಲ್ಲಿ ಬರೆಯಿರಿ, ಬೇರೆ ಲೇಖಕರಿಗೆ ತೋರಿಸುವುದಿಲ್ಲ" ಅಂತ ಕೇಳಿದರೆ ಏನು ಕಷ್ಟ? ನಾಲ್ಕು ಸಾಲು ಬರೆಯಲು ತಡಕಾಡುವವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ. ಪ್ರಕಟಿಸುವುದಕ್ಕೆ ಇಷ್ಟೊಂದು ದುಡ್ಡು ತೆಗೆದುಕೊಳ್ಳುವ ಜರ್ನಲ್‌ಗಳಿಗೆ ಇಷ್ಟು ಕೇಳುವ ವ್ಯವಧಾನ ಇಲ್ಲವಾ?

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ನನ್ನ ಬಯೋಡೇಟಾದಲ್ಲೂ ಅಂಥದ್ದೊಂದು ಪೇಪರ್ ಇದೆ. ಕೆಲಸಕ್ಕೆ ಸೇರಿದ ಹೊಸತು. ಹಿರಿಯರೊಬ್ಬರು ಪ್ರೀತಿಯಿಂದಲೇ ನನ್ನ ಹೆಸರು ಸೇರಿಸಿದರು. ನಾನು ಮಾಡಿದ್ದು ಭಾಷೆ ತಿದ್ದಿದ್ದು, ಅಷ್ಟೇ. ಬೇಡ ಅನ್ನಲಿಲ್ಲ. ಆ ಪೇಪರ್ ನನಗೆ ಒಂದು ಸಂದರ್ಶನದಲ್ಲಿ ಸಹಾಯಕ್ಕೂ ಬಂತು. ಯಾರೋ ಒಬ್ಬರ ಹೆಸರು ನನ್ನಿಂದ ಒಂದು ಸ್ಥಾನ ಕೆಳಗೆ ಹೋಗಿತ್ತು ಅಂತ ಆಗ ನನಗೆ ಹೊಳೆಯಲೇ ಇಲ್ಲ. ನಿನ್ನೆ ಇವಳ ಮಾತು ಕೇಳಿದ ಮೇಲೆ ಆ ಪೇಪರ್ ತೆಗೆದು ನೋಡಿದೆ. ನನ್ನ ನಂತರ ಇರುವುದು ಆಗ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗ.

ನನ್ನ ಹೆಸರು ತೆಗೆದು ಕೃತಜ್ಞತೆಯ ಸಾಲಿಗೆ ಹಾಕಿ ಅಂತ ಇವತ್ತು ಬೆಳಿಗ್ಗೆ ಆ ಜರ್ನಲ್‌ಗೆ ಬರೆದಿದ್ದೇನೆ. ಅದಕ್ಕೂ ಉಳಿದ ಲೇಖಕರೆಲ್ಲರ ಒಪ್ಪಿಗೆ ಬೇಕು. ಆ ಹುಡುಗ ಈಗ ಎಲ್ಲಿದ್ದಾನೋ, ಮೊದಲು ಅವನ ನಂಬರ್ ಹುಡುಕಬೇಕು.