ಚಿವುಟಿದವನ ಲಾಲಿಹಾಡು

ತಾನು ಮಾರುವ ಸರಕನ್ನು ಕೊಳ್ಳಬೇಡಿ ಎಂದು ತಾನೇ ಹಣ ಸುರಿದು ಜಾಹೀರಾತು ಕೊಡುವ ವ್ಯಾಪಾರಿ ಭೂಮಿಯ ಮೇಲೆ ಇದ್ದಾನೆಯೇ? ಇದ್ದಾನೆ. ಮಾರ್ಲ್‌ಬರೋ ಸಿಗರೇಟು ತಯಾರಿಸುವ ಫಿಲಿಪ್ ಮಾರಿಸ್ ಕಂಪನಿಗೆ 1998ರಲ್ಲಿ ಅಮೆರಿಕದ ಹದಿಹರೆಯದ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತು. ‘ಯೋಚಿಸು, ಸೇದಬೇಡ’ ಎಂದು ಟಿವಿಯಲ್ಲಿ ಬುದ್ಧಿ ಹೇಳತೊಡಗಿತು.

ಮಮತೆಗೆ ಮುಹೂರ್ತವೂ ಕೂಡಿಬಂದಿತ್ತು. ಹಿಂದಿನ ವರ್ಷದ ಸಮೀಕ್ಷೆಯಲ್ಲಿ ಅಲ್ಲಿನ ಪ್ರೌಢಶಾಲೆಗಳ ನೂರಕ್ಕೆ 36 ವಿದ್ಯಾರ್ಥಿಗಳು ತಿಂಗಳೊಳಗೆ ಸಿಗರೇಟು ಸೇದಿದ್ದಾಗಿ ಒಪ್ಪಿಕೊಂಡಿದ್ದರು. ರಾಜ್ಯ ಸರ್ಕಾರಗಳು ಸಿಗರೇಟು ಕಂಪನಿಗಳ ಮೇಲೆ ಸಾಲುಗಟ್ಟಿ ಮೊಕದ್ದಮೆ ಹೂಡಿದ್ದವು. ಸ್ಮಶಾನದಲ್ಲಿ ಹುಟ್ಟುವ ವೈರಾಗ್ಯ ಮನೆ ಸೇರುವವರೆಗಾದರೂ ಬಾಳುತ್ತದೆ. ನ್ಯಾಯಾಲಯದಲ್ಲಿ ಹುಟ್ಟಿದ್ದಕ್ಕೆ ಅಷ್ಟೂ ಆಯುಸ್ಸಿಲ್ಲ.

ಮಕ್ಕಳು ನಮಗೆ ಬೇಕಿಲ್ಲ, ನಮ್ಮ ಕಣ್ಣು ‘ಕಿರಿಯ ವಯಸ್ಕರ’ ಮೇಲೆ ಮಾತ್ರ ಎಂಬುದು ಈ ಉದ್ಯಮದ ಹಳೆಯ ಪಲ್ಲವಿ. ಆರ್.ಜೆ. ರೆನಾಲ್ಡ್ಸ್ ಎಂಬ ಇನ್ನೊಂದು ಸಿಗರೇಟು ಕಂಪನಿಯ 1984ರ ಒಳವರದಿ ಇದನ್ನು ಮನಮುಟ್ಟುವಂತೆ ವಿವರಿಸಿದೆ: ಹಳೆಯ ಗಿರಾಕಿಗಳ ಜಾಗ ತುಂಬಬಲ್ಲವರು ಕಿರಿಯ ವಯಸ್ಕರೊಬ್ಬರೇ, ಅವರು ಬೆನ್ನು ತಿರುಗಿಸಿದರೆ, ಹೆರಿಗೆಯೇ ಆಗದ ಜನಾಂಗದಂತೆ ಉದ್ಯಮವೂ ಕರಗಿಹೋಗುತ್ತದೆ. ಹಳೆಯ ಗಿರಾಕಿಗಳ ಜಾಗ ಏಕೆ ಖಾಲಿಯಾಗುತ್ತದೆ ಎಂದು ಸಭ್ಯರು ಕೇಳಬಾರದು. 18 ದಾಟಿದ ಮೇಲೆ ಸೇದಲು ಕಲಿಯುವವರು ನೂರಕ್ಕೆ 31 ಮಂದಿ ಮಾತ್ರ ಎಂದೂ ಅದೇ ವರದಿ ಹೇಳುತ್ತದೆ. ಉಳಿದ 69 ಮಂದಿ ಯಾವ ವಯಸ್ಸಿನವರು ಎಂಬುದು ಶಾಲೆಯ ಕಳೆಯುವ ಲೆಕ್ಕ.

ನಾಲ್ಕು ವರ್ಷ ಕಳೆದು, 1988ರಲ್ಲಿ, ಅದೇ ಕಂಪನಿ ತನ್ನ ಕ್ಯಾಮೆಲ್ ಸಿಗರೇಟಿನ ಜಾಹೀರಾತಿಗೆ ಕಪ್ಪು ಕನ್ನಡಕದ ಜೋ ಕ್ಯಾಮೆಲ್ ಎಂಬ ವ್ಯಂಗ್ಯಚಿತ್ರದ ಒಂಟೆಯನ್ನು ಅಮೆರಿಕದಲ್ಲಿ ಬೀದಿಗೆ ಬಿಟ್ಟಿತು. 1991ರ ಅಧ್ಯಯನವೊಂದರಲ್ಲಿ ಆರು ವರ್ಷದ ಮಕ್ಕಳು ಮಿಕ್ಕಿ ಮೌಸ್‌ನಷ್ಟೇ ಸಲೀಸಾಗಿ ಈ ಒಂಟೆಯನ್ನೂ ಗುರುತಿಸಿದರು. ವಯಸ್ಕರು ಎಷ್ಟು ಕಿರಿಯರಾಗಬಹುದು ಎಂಬುದಕ್ಕೆ ಇದಕ್ಕಿಂತ ದಾಖಲೆ ಬೇಕೇ!

ಅದಿರಲಿ, ಬುದ್ಧಿವಾದದ ಫಲಕ್ಕೆ ಬರೋಣ. ‘ಯೋಚಿಸು, ಸೇದಬೇಡ’ ಜಾಹೀರಾತು ನೋಡಿದ ಹುಡುಗರು ನಿಜಕ್ಕೂ ಯೋಚಿಸಿದರು. ಮುಂದಿನ ವರ್ಷ ಸೇದಿ ನೋಡುವ ಮನಸ್ಸು ಅವರಲ್ಲಿ ಹೆಚ್ಚಾಗಿ ಕಂಡಿತು, ಕಂಪನಿಗಳ ಮೇಲೆ ಒಳ್ಳೆಯ ಅಭಿಪ್ರಾಯವೂ ಬೆಳೆದಿತ್ತು ಎಂದು 2002ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಇದರಲ್ಲಿ ಆಶ್ಚರ್ಯವೇನು? ಸಿಗರೇಟು ದೊಡ್ಡವರ ಆಯ್ಕೆ, ನೀನಿನ್ನೂ ಚಿಕ್ಕವನು ಎಂದು ಹದಿನೈದರ ಹುಡುಗನಿಗೆ ಹೇಳಿದರೆ ಬಾಗಿಲಿಗೆ ತೋರಣ ಕಟ್ಟಿ ಕರೆದಂತೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ಕಂಡಿದ್ದೇವೆ. ತೂಗುವ ನೆಪದಲ್ಲೇ ಇನ್ನೊಮ್ಮೆ ಚಿವುಟುವ ಕೌಶಲ ಹೊಸದು.

ಆದರೂ ಮಕ್ಕಳು ಕೈಕೊಟ್ಟರು. ತೆರಿಗೆ ಏರಿತು, ಜಾಹೀರಾತಿಗೆ ಕಡಿವಾಣ ಬಿತ್ತು, ಕಂಪನಿಗಳ ಬಂಡವಾಳ ಬಯಲು ಮಾಡುವ ಬೇರೆ ಪ್ರಚಾರಗಳು ಬಂದವು. 2019ರ ಹೊತ್ತಿಗೆ ಆ ನೂರಕ್ಕೆ 36 ಹೋಗಿ 6 ಉಳಿಯಿತು. ವಿಜಯೋತ್ಸವ ಮಾಡಬೇಕೆಂದರೆ, ಅದೇ ವರ್ಷ ಪ್ರೌಢಶಾಲೆಯ ನೂರಕ್ಕೆ 27 ವಿದ್ಯಾರ್ಥಿಗಳ ಕೈಯಲ್ಲಿ ಇ-ಸಿಗರೇಟು! ಪೆನ್ ಡ್ರೈವ್‌ನಂತಿದ್ದ ಜೂಲ್ ಎಂಬ ಇ-ಸಿಗರೇಟಿನಲ್ಲಿ ಮಾವಿನ ಪರಿಮಳವೂ ಇತ್ತು. ಅದಕ್ಕೆ ಸಿಕ್ಕಿಸುವ ದ್ರವದ ಪುಟ್ಟ ಡಬ್ಬಿಯೇ ಪಾಡ್; ಒಂದು ಪಾಡ್‌ನ ನಿಕೋಟಿನ್ ಸುಮಾರು ಒಂದು ಪ್ಯಾಕ್ ಸಿಗರೇಟಿಗೆ ಸಮ. ಈ ಕಂಪನಿಯೂ ಹಿರಿಯರ ಹಾದಿ ಬಿಡಲಿಲ್ಲ: ವೇಪಿಂಗ್, ಅಂದರೆ ಇ-ಸಿಗರೇಟು ಸೇದುವುದು, ಬೇಡವೆಂದು ಕಲಿಸುವ ಪಾಠ ಹಿಡಿದು, ದುಡ್ಡಿನ ಜೊತೆ ಶಾಲೆಗಳ ಬಾಗಿಲು ತಟ್ಟಿತು.

ಇನ್ನು ನಮ್ಮ ಹಳೆಯ ಬುದ್ಧಿವಾದಿ. ಫಿಲಿಪ್ ಮಾರಿಸ್‌ನ ಮಾತೃಸಂಸ್ಥೆ ಆಲ್ಟ್ರಿಯಾ, ಇಂಥ ಪಾಡ್‌ಗಳು ಮಕ್ಕಳ ಚಟವನ್ನು ಹೆಚ್ಚಿಸುತ್ತಿವೆ, ನಮ್ಮವನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳುತ್ತೇವೆ ಎಂದು 2018ರ ಅಕ್ಟೋಬರ್‌ನಲ್ಲಿ ಸರ್ಕಾರಕ್ಕೆ ಪತ್ರ ಬರೆಯಿತು. ಡಿಸೆಂಬರ್‌ನಲ್ಲಿ 1,280 ಕೋಟಿ ಡಾಲರ್ ಕೊಟ್ಟು ಜೂಲ್‌ನ 35 ಶೇಕಡಾ ಪಾಲು ಕೊಂಡಿತು. ನಿರ್ಬಂಧ, ಮೊಕದ್ದಮೆಗಳ ಹೊಡೆತಕ್ಕೆ ಆ ಹಣ ಹೊಗೆಯಾಯಿತು. 2023ರ ಮಾರ್ಚ್‌ನಲ್ಲಿ ಆಲ್ಟ್ರಿಯಾ ಜೂಲ್‌ನಿಂದ ಹೊರಬಂದು, ಅದೇ ತಿಂಗಳು ಇನ್ನೊಂದು ಇ-ಸಿಗರೇಟು ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು. ಅದರ ಹೆಸರು ಎನ್‌ಜಾಯ್.